ಒಣಗಿದ ಬಾಯಲ್ಲಿ ಮೂರು ಹನಿ ಜೊಲ್ಲು

ಓದುಗರ ಪ್ರಶ್ನೆಗಳಿಗೆ ಲ್ಯಾಬ್ ಡಾಕ್ಟರ ಉತ್ತರ

ಹೋದ ಸಂಚಿಕೆಯಲ್ಲಿ ರಕ್ತ ಪರೀಕ್ಷೆಗಳ ಬಗ್ಗೆ ಬರೆಯುವಾಗ ಕಾರ್ಟಿಸಾಲ್ ಅನ್ನುವ ಸ್ಟ್ರೆಸ್ ಹಾರ್ಮೋನಿನ ಹೆಸರು ಒಂದೇ ಒಂದು ಸಲ ಬಂದಿತ್ತು. ಅದನ್ನೇ ಹಿಡಿದುಕೊಂಡು ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಗಿದೆ. ಉಳಿದ ನಾಲ್ಕರ ಬೇರು ಅದರಲ್ಲೇ ಇದೆ.

ಪ್ರಶ್ನೆ: ನಮ್ಮ ಅಪ್ಪನಿಗೆ 68 ವರ್ಷ. ಮೂತ್ರದ ಸೋಂಕು ರಕ್ತಕ್ಕೆ ಏರಿ ಒಂಬತ್ತು ದಿನ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಈಗ ಮನೆಗೆ ಬಂದಿದ್ದಾರೆ, ಗೋಡೆ ಹಿಡಿದು ನಡೆಯುತ್ತಾರೆ. ಅಲ್ಲಿದ್ದಾಗ ಡಾಕ್ಟರು, "ಸ್ಟ್ರೆಸ್ ಹಾರ್ಮೋನ್ ಕಡಿಮೆ ಬಂದಿದೆ, ಆದರೆ ಈ ರಿಪೋರ್ಟನ್ನು ಪೂರ್ತಿ ನಂಬೋಕಾಗಲ್ಲ" ಅಂದರು. ಹಾಗಂದರೇನು? ಇನ್ನೊಂದು. ಅಪ್ಪನ ಎರಡೂ ಕೈ ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ್ದವು. ಈ ಹಾರ್ಮೋನನ್ನು ಎಂಜಲಲ್ಲೇ ನೋಡಬಹುದು ಅಂತ ನನ್ನ ತಂಗಿ ಮಗ ಹೇಳುತ್ತಾನೆ. ಹಾಗಿದ್ದರೆ ರಕ್ತ ಯಾಕೆ ತೆಗೆದರು?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಅಪ್ಪ ಮನೆಗೆ ಬಂದಿದ್ದಾರೆ ಅನ್ನುವ ಸಾಲನ್ನು ಎರಡು ಸಲ ಓದಿದೆ. ಲ್ಯಾಬಿನಲ್ಲಿ ಕೂತವರಿಗೆ ಆ ಸಾಲು ಸಿಗುವುದಿಲ್ಲ. ನಮಗೆ ಬರುವುದು ಒಂದು ಟ್ಯೂಬು, ಅದರ ಮೇಲೊಂದು ಬಾರ್‌ಕೋಡು, ಬೆಡ್ ನಂಬರು. ಮೂರು ದಿನ ಬಿಡದೆ ಬಂದ ಬೆಡ್ ನಂಬರು ನಾಲ್ಕನೇ ದಿನ ಬರದಿದ್ದರೆ, ಅವರು ವಾರ್ಡಿಗೆ ಹೋದರೋ ಇಲ್ಲವೋ ಅಂತ ಮನಸ್ಸು ಕೇಳುತ್ತದೆ. 27 ವರ್ಷ ಒಂದು ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬ್ ನೋಡಿಕೊಂಡ ನಾನು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಹಾಗೇ ಇಟ್ಟಿದ್ದೇನೆ.

ಈಗ ವಿಷಯಕ್ಕೆ ಬರೋಣ. ಕಾರ್ಟಿಸಾಲ್ ತಯಾರಾಗುವುದು ಕಿಡ್ನಿಗಳ ತಲೆ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳಲ್ಲಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಅನ್ನುವ ಇನ್ನೊಂದು ಹಾರ್ಮೋನ್ ಕಳಿಸಿ "ಮಾಡು" ಅನ್ನುತ್ತದೆ, ಇವು ಮಾಡುತ್ತವೆ. ಸ್ಟ್ರೆಸ್ ಹಾರ್ಮೋನ್ ಅಂತ ಹೆಸರು ಬಿದ್ದಿರುವುದರಿಂದ ಜನ ಇದನ್ನು ಶತ್ರು ಅಂದುಕೊಂಡಿದ್ದಾರೆ. ಐಸಿಯುನಲ್ಲಿ ಮಲಗಿದವರಿಗೆ ಇದು ಜೀವ ಹಿಡಿದು ನಿಲ್ಲಿಸುವ ಹಾರ್ಮೋನು. ಇದು ಸಾಲದಿದ್ದರೆ ಬಿಪಿ ಕುಸಿಯುತ್ತದೆ, ಬಿಪಿ ಏರಿಸುವ ಔಷಧಿ ಹಾಕಿದರೂ ಸರಿಯಾಗಿ ಏರುವುದಿಲ್ಲ. ಅದಕ್ಕೇ ಡಾಕ್ಟರು ಇದನ್ನು ಅಳೆಯಲು ಹೋಗುತ್ತಾರೆ.

ತೊಡಕು ಇರುವುದು ಅಳತೆಯಲ್ಲಿ. ನಿಮ್ಮ ಕಡೆ ಭದ್ರಾ ನಾಲೆಗೆ ನೀರು ಬಿಟ್ಟಾಗ ನಾಟಿಗೆ ಆಳುಗಳು ಟೆಂಪೋದಲ್ಲಿ ಬರುತ್ತಾರೆ ಅಲ್ವಾ? ಟೆಂಪೋದಲ್ಲಿ ಕೂತಿರುವಷ್ಟು ಹೊತ್ತು ಅವರಿಂದ ನಾಟಿ ಆಗುವುದಿಲ್ಲ. ಇಳಿದು ಗದ್ದೆಗೆ ಕಾಲಿಟ್ಟ ಮೇಲೇ ಕೆಲಸ. ರಕ್ತದಲ್ಲಿ ಕಾರ್ಟಿಸಾಲ್ ಕೂಡ ಹೀಗೇ. ನೂರರಲ್ಲಿ ಸುಮಾರು 90 ರಿಂದ 95 ಪಾಲು ಪ್ರೋಟೀನುಗಳನ್ನು ಹತ್ತಿ ಕೂತಿರುತ್ತದೆ. ಅದನ್ನು ಹೊರುವ ದೊಡ್ಡ ಟೆಂಪೋ ಸಿಬಿಜಿ ಅನ್ನುವ ಪ್ರೋಟೀನು. ಸ್ವಲ್ಪ ಭಾಗವನ್ನು ಆಲ್ಬ್ಯುಮಿನ್ ಅನ್ನುವ ಇನ್ನೊಂದು ಪ್ರೋಟೀನು ಹೊರುತ್ತದೆ. ಇಳಿದು ಓಡಾಡುವ 5 ರಿಂದ 10 ಪಾಲಿಗೆ ನಾವು ಫ್ರೀ ಕಾರ್ಟಿಸಾಲ್ ಅನ್ನುತ್ತೇವೆ. ಕೆಲಸ ಮಾಡುವುದು ಅದೊಂದೇ.

ಆಸ್ಪತ್ರೆ ಲ್ಯಾಬಿನ ಮಷಿನ್ ಎಣಿಸುವುದು ಟೆಂಪೋದಲ್ಲಿರುವವರನ್ನೂ ಗದ್ದೆಯಲ್ಲಿರುವವರನ್ನೂ ಒಟ್ಟು ಸೇರಿಸಿ. ನಿಮಗೋ ನನಗೋ ಪರೀಕ್ಷೆ ಮಾಡಿದರೆ ಇದರಿಂದ ತೊಂದರೆ ಇಲ್ಲ. ಬೆಳಿಗ್ಗೆ ತೆಗೆದ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 5 ರಿಂದ 25 ಮೈಕ್ರೋಗ್ರಾಂ ಒಳಗೆ ಬಂದರೆ ಸರಿ ಅನ್ನುತ್ತೇವೆ. ಆದರೆ ನಿಮ್ಮ ಅಪ್ಪನಂಥವರಲ್ಲಿ ಲೆಕ್ಕ ತಪ್ಪುತ್ತದೆ. ಸೋಂಕು ರಕ್ತಕ್ಕೆ ಏರಿದಾಗ ಸಿಬಿಜಿಯೂ ಆಲ್ಬ್ಯುಮಿನ್ನೂ ಇಳಿದುಹೋಗುತ್ತವೆ. ಲಿವರ್ ಅವನ್ನು ಕಡಿಮೆ ಮಾಡುತ್ತದೆ, ಇದ್ದದ್ದೂ ರಕ್ತನಾಳದಿಂದ ಹೊರಗೆ ಸೋರುತ್ತದೆ. ಟೆಂಪೋಗಳೇ ಕಡಿಮೆಯಾದಾಗ ಒಟ್ಟು ತಲೆ ಎಣಿಕೆ ಇಳಿಯುತ್ತದೆ. ಗದ್ದೆಯಲ್ಲಿ ಮಾತ್ರ ಬೇಕಾದಷ್ಟು ಆಳು ಇರುತ್ತಾರೆ. ರಿಪೋರ್ಟು "ಕಡಿಮೆ" ಅನ್ನುತ್ತದೆ, ದೇಹದಲ್ಲಿ ಕೊರತೆಯೇ ಇರುವುದಿಲ್ಲ. ನಿಮ್ಮ ಡಾಕ್ಟರು ಪೂರ್ತಿ ನಂಬೋಕಾಗಲ್ಲ ಅಂದದ್ದು ಇದಕ್ಕೇ. ಅವರು ನಿಜವನ್ನೇ ಹೇಳಿದ್ದಾರೆ.

ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೈದ್ಯರು 2004ರಲ್ಲಿ ಇದನ್ನು ಎತ್ತಿ ತೋರಿಸಿದರು. 66 ಜನ ತೀವ್ರ ರೋಗಿಗಳನ್ನೂ 33 ಜನ ಆರೋಗ್ಯವಂತರನ್ನೂ ಹೋಲಿಸಿ ನೋಡಿದರು. ರೋಗಿಗಳಲ್ಲಿ 36 ಜನರಿಗೆ ಆಲ್ಬ್ಯುಮಿನ್ ಡೆಸಿಲೀಟರಿಗೆ 2.5 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇತ್ತು. ಆ 36ರಲ್ಲಿ ಹತ್ತಿರಹತ್ತಿರ ಶೇ. 40ರಷ್ಟು ಜನರಿಗೆ ಒಟ್ಟು ಕಾರ್ಟಿಸಾಲ್ ಸಾಲದು ಅಂತಲೇ ಬಂತು, ಎಸಿಟಿಎಚ್ ಮಾದರಿಯ ಇಂಜೆಕ್ಷನ್ ಕೊಟ್ಟು ಗ್ರಂಥಿಯನ್ನು ಎಬ್ಬಿಸಿ ನೋಡಿದರೂ ಅಷ್ಟೇ. ಆದರೆ ಫ್ರೀ ಕಾರ್ಟಿಸಾಲ್ ಅಳೆದಾಗ ಅವರ ಅಡ್ರಿನಲ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆ ಲೇಖನ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಷ್ಟು ವರ್ಷ ನಾನು ಸಹಿ ಹಾಕಿ ಕಳಿಸಿದ "ಕಡಿಮೆ"ಗಳಲ್ಲಿ ಎಷ್ಟು ನಿಜವಾಗಿ ಕಡಿಮೆ ಇದ್ದವು ಅನ್ನುವುದೇ ಯೋಚನೆ. ಮಾರನೇ ದಿನದಿಂದ ಐಸಿಯುನಿಂದ ಕಾರ್ಟಿಸಾಲ್ ಟ್ಯೂಬು ಬಂದರೆ ಅದೇ ರೋಗಿಯ ಆಲ್ಬ್ಯುಮಿನ್ ಎಷ್ಟಿದೆ ಅಂತ ನೋಡಿ, ರಿಪೋರ್ಟಿನ ಕೆಳಗೆ ಒಂದು ಸಾಲು ಬರೆಯಲು ಶುರು ಮಾಡಿದೆ.

ಹಾಗಾದರೆ ಫ್ರೀ ಕಾರ್ಟಿಸಾಲನ್ನೇ ಅಳೆಯಬಹುದಲ್ಲ ಅಂತ ಕೇಳುತ್ತೀರಿ. ರಕ್ತದಲ್ಲಿ ಅದನ್ನು ಬೇರೆ ಮಾಡಿ ಅಳೆಯುವುದು ನಿಧಾನದ ಕೆಲಸ, ದುಬಾರಿ, ಎಲ್ಲ ಲ್ಯಾಬಿನಲ್ಲೂ ಇಲ್ಲ. ಐಸಿಯುನಲ್ಲಿ ಸಂಜೆಯೊಳಗೆ ಉತ್ತರ ಬೇಕು. ಇಲ್ಲಿ ಬರುತ್ತದೆ ನಿಮ್ಮ ತಂಗಿ ಮಗನ ಎಂಜಲು.

ನಮ್ಮಲ್ಲಿ ಎಂಜಲು ಅಂದರೆ ತಟ್ಟೆಯಿಂದ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಮಗುವಿನ ಬಾಯಿಂದ ಸುರಿದರೆ ಜೊಲ್ಲು ಅಂತ ಸೆರಗಲ್ಲಿ ಒರೆಸುತ್ತೇವೆ. ಪಠ್ಯಪುಸ್ತಕದಲ್ಲಿ ಅದೇ ಲಾಲಾರಸ. ನಾನು ಜೊಲ್ಲು ಅಂತಲೇ ಬರೆಯುತ್ತೇನೆ. ಈ ಜೊಲ್ಲು ಒಂದು ಒಳ್ಳೆಯ ಜರಡಿ. ಜೊಲ್ಲಿನ ಗ್ರಂಥಿಗಳ ಜೀವಕೋಶಗಳನ್ನು ದಾಟಿ ಬಾಯಿಗೆ ಬರಲು ಫ್ರೀ ಕಾರ್ಟಿಸಾಲಿಗೆ ಮಾತ್ರ ಆಗುತ್ತದೆ. ಪ್ರೋಟೀನಿಗೆ ಅಂಟಿದ್ದು ದೊಡ್ಡದು, ರಕ್ತದಲ್ಲೇ ಉಳಿಯುತ್ತದೆ. ಅಂದರೆ ನಾವು ಲ್ಯಾಬಿನಲ್ಲಿ ಕಷ್ಟಪಟ್ಟು ಮಾಡುವ ಬೇರ್ಪಡಿಸುವ ಕೆಲಸವನ್ನು ಬಾಯಿ ತಾನೇ ಮಾಡಿಕೊಡುತ್ತದೆ. ಜೊಲ್ಲು ಜಾಸ್ತಿ ಸುರಿಯಲಿ ಕಡಿಮೆ ಸುರಿಯಲಿ, ಅದರಲ್ಲಿನ ಕಾರ್ಟಿಸಾಲಿನ ಸಾಂದ್ರತೆ ಹೆಚ್ಚು ಬದಲಾಗುವುದಿಲ್ಲ. ಕ್ಲೀವ್‌ಲ್ಯಾಂಡ್‌ನ ಅದೇ ತಂಡ 2007ರಲ್ಲಿ ತೀವ್ರ ರೋಗಿಗಳ ಜೊಲ್ಲಿನಲ್ಲೇ ಅಳೆದು ನೋಡಿತು. ಅದು ರಕ್ತದ ಫ್ರೀ ಕಾರ್ಟಿಸಾಲಿಗೆ ಚೆನ್ನಾಗಿ ಹೊಂದಿಕೆಯಾಯಿತು. ಆಲ್ಬ್ಯುಮಿನ್ ಇಳಿದಿದ್ದವರಲ್ಲೂ ಹೊಂದಿತು. ನಿಮ್ಮ ತಂಗಿ ಮಗ ಸರಿಯಾಗಿಯೇ ಓದಿಕೊಂಡಿದ್ದಾನೆ.

ಆದರೆ ಜೊಲ್ಲು ಸಿಗಬೇಕಲ್ಲ!

ಒಂದು ಸಲ ನಮ್ಮ ಐಸಿಯು ಡಾಕ್ಟರೊಬ್ಬರು, "ಮೇಡಂ, ಒಂದು ಸ್ಯಾಂಪಲ್ ತೆಗೆದು ನೋಡೋಣ್ವಾ?" ಅಂದರು. ನಾನೇ ಹತ್ತಿಯ ಸುರುಳಿ ಹಿಡಿದು ಮೇಲೆ ಹೋದೆ. ಐವತ್ತರ ಆಸುಪಾಸಿನ ಹೆಣ್ಣುಮಗಳು. ಗಂಟಲಿಗೆ ಟ್ಯೂಬ್ ಇತ್ತು, ಬಾಯಿ ಅರ್ಧ ತೆರೆದೇ ಇತ್ತು. ತುಟಿ ಬಿಸಿಲಿಗೆ ಬಿರಿದ ಕೆರೆ ಅಂಗಳದ ಹಾಗಿತ್ತು. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಇವರ ಕೆನ್ನೆಗೂ ವಸಡಿಗೂ ನಡುವೆ ಹತ್ತಿ ಇಟ್ಟು ಗಡಿಯಾರ ನೋಡುತ್ತಾ ಐದು ನಿಮಿಷ ನಿಂತೆ. ಆಮೇಲೆ ಇನ್ನೂ ಐದು. ಕೆಳಗೆ ತಂದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದೆ. ಟ್ಯೂಬಿನ ತಳದಲ್ಲಿ ಮೂರು ಹನಿ. ಮಷಿನ್‌ಗೆ ಅದು ಸಾಲಲಿಲ್ಲ.

ಭಯವಾದರೆ ಬಾಯಿ ಒಣಗುತ್ತದೆ ಅಂತ ನಾವು ಮಾತಲ್ಲೇ ಹೇಳುತ್ತೇವೆ. ಐಸಿಯುನಲ್ಲಿ ಅದಕ್ಕೆ ಇನ್ನೂ ಹತ್ತು ಕಾರಣ ಸೇರುತ್ತವೆ: ನೀರಿನಂಶ ಕಡಿಮೆ, ಒಣ ಆಕ್ಸಿಜನ್, ಜೊಲ್ಲು ಇಂಗಿಸುವ ಔಷಧಿಗಳು, ದಿನಗಟ್ಟಲೆ ಏನೂ ಅಗಿಯದ ದವಡೆ. ದೇಹ ಅತಿ ಹೆಚ್ಚು ಒತ್ತಡದಲ್ಲಿ ಇರುವಾಗಲೇ, ಆ ಒತ್ತಡವನ್ನು ಅಳೆಯಲು ಬೇಕಾದ ಜೊಲ್ಲು ಬತ್ತಿಹೋಗುತ್ತದೆ. ಈ ಪರೀಕ್ಷೆಯ ದೊಡ್ಡ ಕಷ್ಟ ಇದೇ.

ಅಮೆರಿಕ ಮತ್ತು ಯುರೋಪಿನ ತೀವ್ರ ನಿಗಾ ವೈದ್ಯರ ಎರಡು ದೊಡ್ಡ ಸಂಘಗಳು 2017ರಲ್ಲಿ ಸೇರಿ ಮಾರ್ಗಸೂಚಿ ಬರೆದವು. ತೀವ್ರ ರೋಗಿಗಳಲ್ಲಿ ಕೊರತೆ ಇದೆಯೇ ಅಂತ ನೋಡಲು ರಕ್ತದ ಬದಲು ಜೊಲ್ಲನ್ನು ಬಳಸುವುದು ಬೇಡ ಅಂದವು. ಆದರೆ ಆ ಸಲಹೆಯ ಹಿಂದಿನ ಪುರಾವೆ ತೀರಾ ದುರ್ಬಲ ಅಂತಲೂ ಅವರೇ ಬರೆದಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಜೊಲ್ಲಿನ ಪರೀಕ್ಷೆಯ ತರ್ಕ ಸರಿಯಾಗಿದೆ, ಕೈಗೆ ಸಿಗುವ ಸ್ಯಾಂಪಲ್ ಸರಿಯಿಲ್ಲ. ಬಾಯಿ ಒದ್ದೆ ಇರುವ, ವಸಡಿನಿಂದ ರಕ್ತ ಬರದ ರೋಗಿಯಲ್ಲಿ, ಆಲ್ಬ್ಯುಮಿನ್ ತುಂಬಾ ಇಳಿದು ರಕ್ತದ ಅಂಕಿ ಗೊಂದಲ ಮಾಡುತ್ತಿದ್ದರೆ, ಜೊತೆಗೆ ಇದೂ ಇರಲಿ ಅಂತ ನಾನು ಹೇಳುತ್ತೇನೆ. ರಕ್ತದ ಜಾಗದಲ್ಲಿ ಇದೊಂದನ್ನೇ ನಂಬಿ ಅಂತ ಹೇಳುವ ಧೈರ್ಯ ನನಗಿಲ್ಲ.

ಅಂಕಿ ಗೊಂದಲ ಮಾಡಿದಾಗ ಡಾಕ್ಟರು ಏನು ಮಾಡುತ್ತಾರೆ? ರೋಗಿಯನ್ನು ನೋಡುತ್ತಾರೆ. ಸೆಪ್ಟಿಕ್ ಶಾಕ್‌ನಲ್ಲಿ, ಅಂದರೆ ಸೋಂಕಿನಿಂದ ಬಿಪಿ ಕುಸಿದಾಗ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಹಾಕಿದರೂ ಬಿಪಿ ಹಿಡಿಯದಿದ್ದರೆ, ಕಾರ್ಟಿಸಾಲ್ ರಿಪೋರ್ಟಿಗೆ ಕಾಯದೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ (ಔಷಧಿಯ ರೂಪದ ಕಾರ್ಟಿಸಾಲ್) ಕೊಡುವ ಪದ್ಧತಿ ಇದೆ. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯಲ್ಲೂ ಹೀಗೇ ಇದೆ. 2018ರಲ್ಲಿ ಪ್ರಕಟವಾದ ಅಡ್ರಿನಲ್ ಎಂಬ ಹೆಸರಿನ ದೊಡ್ಡ ಪ್ರಯೋಗದಲ್ಲಿ ಸುಮಾರು 3,800 ರೋಗಿಗಳಿದ್ದರು. ಹೈಡ್ರೋಕಾರ್ಟಿಸೋನ್ ಸಿಕ್ಕವರು ಶಾಕ್‌ನಿಂದ ಬೇಗ ಹೊರಬಂದರು, ಆದರೆ 90 ದಿನದ ಹೊತ್ತಿಗೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ಪವಾಡದ ಮದ್ದಲ್ಲ. ಬಿಪಿಗೆ ಊರುಗೋಲು.

ಕೊನೆಗೆ ಆ ನೀಲಿಗಟ್ಟಿದ ಕೈಗಳು. ಕಾರ್ಟಿಸಾಲಿಗೆ ಅಂತಲೇ ಬೇರೆ ಸೂಜಿ ಚುಚ್ಚುವುದು ಕಡಿಮೆ. ಕ್ರಿಯಾಟಿನಿನ್, ಲ್ಯಾಕ್ಟೇಟ್, ಸೋಡಿಯಂಗೆ ತೆಗೆದ ರಕ್ತದಲ್ಲೇ ಇದನ್ನೂ ನೋಡುತ್ತಾರೆ. ಜೊಲ್ಲು ಕೊಟ್ಟಿದ್ದರೂ ಅಪ್ಪನಿಗೆ ಆ ಸೂಜಿಗಳು ತಪ್ಪುತ್ತಿರಲಿಲ್ಲ. ಆ ಗುರುತುಗಳು ಒಂದೆರಡು ವಾರದಲ್ಲಿ ಹಳದಿಯಾಗಿ ಮಾಯುತ್ತವೆ. ಮಾಯದಿದ್ದರೆ, ಅಥವಾ ಕೈ ಊದಿದ್ದರೆ ತೋರಿಸಿ.

ಪ್ರಶ್ನೆ: ನಾನು ಐಸಿಯು ಸ್ಟಾಫ್ ನರ್ಸ್. ನಮ್ಮಲ್ಲಿ ಪಿಜಿ ವಿದ್ಯಾರ್ಥಿಯೊಬ್ಬರ ಪ್ರಬಂಧಕ್ಕೆ ವೆಂಟಿಲೇಟರ್ ರೋಗಿಗಳ ಜೊಲ್ಲು ತೆಗೆದುಕೊಡುತ್ತಿದ್ದೇನೆ. ಕೆಲವು ಸಲ ಗುಲಾಬಿ ಬಣ್ಣ ಬರುತ್ತದೆ. ಲ್ಯಾಬಿನವರು ವಾಪಸ್ ಕಳಿಸುತ್ತಾರೆ. ನಾನು ಏನು ತಪ್ಪು ಮಾಡುತ್ತಿದ್ದೇನೆ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಲ್ಯಾಬಿನವರು ವಾಪಸ್ ಕಳಿಸುತ್ತಿದ್ದಾರೆ ಅಂದರೆ ಅವರು ನೋಡಿ ಕೆಲಸ ಮಾಡುತ್ತಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ. ರಕ್ತದಲ್ಲಿ ಕಾರ್ಟಿಸಾಲ್ ಜೊಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ವಸಡಿನಿಂದ ಸ್ವಲ್ಪ ರಕ್ತ ಬೆರೆತರೂ ಅಂಕಿ ಸುಳ್ಳಾಗಿ ಏರಬಹುದು. ಗುಲಾಬಿ ಕಂಡರೆ ಅದನ್ನು ಬಿಟ್ಟು, ಸ್ವಲ್ಪ ಹೊತ್ತು ಕಳೆದು ಮತ್ತೆ ತೆಗೆಯಿರಿ.

ನನ್ನ ಊಹೆ ಏನೆಂದರೆ, ನೀವು ಬಾಯಿ ಸ್ವಚ್ಛ ಮಾಡಿದ ಕೂಡಲೇ ತೆಗೆಯುತ್ತಿದ್ದೀರಿ. ಬ್ರಷ್ ಆಡಿಸಿದ ಮೇಲೆ ವಸಡು ಜಿನುಗುತ್ತದೆ. ಮೊದಲು ಸ್ಯಾಂಪಲ್, ಆಮೇಲೆ ಬಾಯಿ ಸ್ವಚ್ಛ ಮಾಡುವುದು ಅಂತ ಇಟ್ಟುಕೊಳ್ಳಿ. ಹತ್ತಿಯನ್ನು ವಸಡಿಗೆ ಉಜ್ಜಬೇಡಿ. ಕೆನ್ನೆಯ ಒಳಗೆ, ಕೆಳಗಿನ ಹಲ್ಲುಗಳ ಪಕ್ಕ ಸುಮ್ನೆ ಮಲಗಿಸಿ, ದಾರ ಹೊರಗೆ ಇರಲಿ. ನಿದ್ದೆಯ ಔಷಧಿಯಲ್ಲಿರುವ ರೋಗಿಯ ಬಾಯಲ್ಲಿ ದಾರ ಇಲ್ಲದ ಹತ್ತಿ ಇಟ್ಟು ಪಕ್ಕದ ಬೆಡ್ಡಿಗೆ ಹೋಗಬೇಡಿ, ಒಂದು ನಿಮಿಷಕ್ಕೂ ಬೇಡ.

ಜೊಲ್ಲು ಬರಲಿ ಅಂತ ನಿಂಬೆರಸ ಅಥವಾ ಸಿಟ್ರಿಕ್ ಆಸಿಡ್ ಮುಟ್ಟಿಸುವವರಿದ್ದಾರೆ. ಹುಳಿ ಸೇರಿದರೆ ನಮ್ಮ ಪರೀಕ್ಷೆ ಕೆಡುತ್ತದೆ. ಕೈಗೆ ಹೈಡ್ರೋಕಾರ್ಟಿಸೋನ್ ಮುಲಾಮು ತಾಗಿದ್ದರೆ ಗ್ಲೌಸ್ ಬದಲಿಸಿ. ರೋಗಿಗೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ನಡೆಯುತ್ತಿದ್ದರೆ ಸ್ಯಾಂಪಲ್ ತೆಗೆದು ಪ್ರಯೋಜನವಿಲ್ಲ, ಮಷಿನ್ ಅದನ್ನೇ ಅಳೆಯುತ್ತದೆ. ಹೈಡ್ರೋಕಾರ್ಟಿಸೋನ್ ಅಂದರೆ ಕಾರ್ಟಿಸಾಲೇ, ಔಷಧಿಯಾದಾಗ ಆ ಹೆಸರು. ತೆಗೆದ ಗಂಟೆ, ನಿಮಿಷ ಬರೆಯಿರಿ. ಒಂದು ಸಮಾಧಾನ ಇದೆ: ಜೊಲ್ಲಿನಲ್ಲಿ ಕಾರ್ಟಿಸಾಲ್ ಗಟ್ಟಿ. ಐಸ್ ಡಬ್ಬಿ ಸಿಗಲಿಲ್ಲ ಅಂತ ರಾತ್ರಿ ಮೂರು ಗಂಟೆಗೆ ಓಡಬೇಕಾಗಿಲ್ಲ, ಬೆಳಿಗ್ಗೆಯವರೆಗೆ ಫ್ರಿಜ್‌ನಲ್ಲಿದ್ದರೆ ಸಾಕು.

ನಿಮ್ಮ ವಿದ್ಯಾರ್ಥಿಗೆ ಒಂದು ಮಾತು ಹೇಳಿ. ಜೊಲ್ಲಿನ ಗ್ರಂಥಿಯಲ್ಲಿರುವ ಒಂದು ಕಿಣ್ವ ಕಾರ್ಟಿಸಾಲನ್ನು ಕಾರ್ಟಿಸೋನ್ ಅನ್ನುವ ಇನ್ನೊಂದು ರೂಪಕ್ಕೆ ಬದಲಿಸಿಬಿಡುತ್ತದೆ. ಜೊಲ್ಲಿನಲ್ಲಿ ಕಾರ್ಟಿಸಾಲಿಗಿಂತ ಕಾರ್ಟಿಸೋನೇ ಜಾಸ್ತಿ. ಕೆಲವು ಮಷಿನ್‌ಗಳು ಇವೆರಡನ್ನೂ ಕಲಸಿ ಓದುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬಿಗೆ ಕಳಿಸಿದರೆ ಎರಡೂ ಬೇರೆ ಬೇರೆಯಾಗಿ ಸಿಗುತ್ತವೆ. ಇನ್ನೊಂದು, ಸ್ಯಾಂಪಲ್ ಸಾಲದೆ ಬಿಟ್ಟ ರೋಗಿಗಳೆಷ್ಟು ಅನ್ನುವುದನ್ನು ಪ್ರಬಂಧದಲ್ಲಿ ತಪ್ಪದೆ ಬರೆಯಲಿ. ಬಾಯಿ ಒಣಗಿದವರೇ ಹೆಚ್ಚು ಕಾಯಿಲೆಯವರು ಇರಬಹುದು. ಅವರನ್ನು ಬಿಟ್ಟು ಮಾಡಿದ ಲೆಕ್ಕ ಐಸಿಯುನ ಪೂರ್ತಿ ಲೆಕ್ಕ ಆಗುವುದಿಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಎರಡು ವಾರಕ್ಕೊಮ್ಮೆ ರಾತ್ರಿ ಪಾಳಿ. ಜೊಲ್ಲಿನಿಂದ ಸ್ಟ್ರೆಸ್ ಹೇಳುವ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ತರಿಸಲಾ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಬೇಡ. ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿಗೆ ಏರುತ್ತದೆ, ಮಧ್ಯರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಪಾಳಿ ಬದಲಾಯಿಸುವವರಲ್ಲಿ ಈ ಏರಿಳಿತವೇ ಕಲಸಿಹೋಗುತ್ತದೆ. ಯಾವಾಗಲೋ ಉಗಿದ ಒಂದು ಸ್ಯಾಂಪಲ್ ನಿಮ್ಮ ಕೆಲಸದ ಒತ್ತಡದ ಬಗ್ಗೆ ಏನೂ ಹೇಳುವುದಿಲ್ಲ.

ಜೊಲ್ಲಿನ ಕಾರ್ಟಿಸಾಲಿಗೆ ಒಂದು ಗಟ್ಟಿಯಾದ ಉಪಯೋಗ ಇದೆ. ಅದು ಕುಶಿಂಗ್ಸ್ ಕಾಯಿಲೆ ಹುಡುಕಲು. ಅದರಲ್ಲಿ ದೇಹ ಅಳತೆಮೀರಿ ಕಾರ್ಟಿಸಾಲ್ ಮಾಡುತ್ತದೆ, ರಾತ್ರಿಯೂ ಇಳಿಯುವುದಿಲ್ಲ. ರಾತ್ರಿ 11 ರಿಂದ 12ರ ನಡುವೆ, ಕಡಿಮೆಯೆಂದರೆ ಎರಡು ರಾತ್ರಿ, ಮನೆಯಲ್ಲೇ ಜೊಲ್ಲು ತೆಗೆದು ಕೊಡಬಹುದು. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2008ರಲ್ಲೇ ಇದನ್ನು ಮೊದಲ ಪರೀಕ್ಷೆಗಳಲ್ಲಿ ಒಂದಾಗಿ ಸೂಚಿಸಿತು. ಇದನ್ನು ಡಾಕ್ಟರು ನಿಮ್ಮನ್ನು ನೋಡಿ ಬರೆದುಕೊಟ್ಟರೆ ಮಾತ್ರ ಮಾಡಿಸಿ. ರಾತ್ರಿ ಪಾಳಿಯವರಿಗೆ ಇದೂ ಸರಿಹೊಂದುವುದಿಲ್ಲ, ಮೊದಲೇ ಹೇಳಿಬಿಡಿ.

ಮಾಡಿಸುವವರು ಒಂದು ವಿಷಯ ನೆನಪಿಡಿ. ಕೆಮ್ಮಿಗೆ ಅಂತ ಜ್ಯೇಷ್ಠಮಧು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಮೇಲೆ ಹೇಳಿದ ಆ ಕಿಣ್ವವನ್ನು ಜ್ಯೇಷ್ಠಮಧು ತಡೆಯುತ್ತದೆ. ಆಗ ಕಾರ್ಟಿಸಾಲ್ ಬದಲಾಗದೆ ಹಾಗೇ ಉಳಿದು, ರಿಪೋರ್ಟು ಸುಳ್ಳೇ ಜಾಸ್ತಿ ತೋರಿಸುತ್ತದೆ. ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಬಿಟ್ಟುಬಿಡಿ. ಆ ರಾತ್ರಿ ಬೀಡಿ, ಸಿಗರೇಟು, ತಂಬಾಕೂ ಬೇಡ.

ಪ್ರಶ್ನೆ: ನಮ್ಮ ಯಜಮಾನರು ನಿದ್ದೆ ಔಷಧಿಯಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಕಾರ್ಟಿಸಾಲ್ 48 ಇದೆ, ತುಂಬಾ ಸ್ಟ್ರೆಸ್ ಅಂತೆ. ಒಳಗೊಳಗೇ ಹೆದರುತ್ತಿದ್ದಾರಾ? ನಾನು ಪಕ್ಕದಲ್ಲಿ ಕೂತು ಮಾತಾಡಿದರೆ ಇಳಿಯುತ್ತಾ?
(ಓದುಗರೊಬ್ಬರು, ಹಾಸನ)

ಉತ್ತರ: ಅಮ್ಮಾ, 48 ಅನ್ನುವುದು ಅವರ ಹೆದರಿಕೆಯ ಅಳತೆ ಅಲ್ಲ. ಆ ಅಂಕಿ ನೋಡಿ ನೀವು ರಾತ್ರಿ ಅಳಬೇಡಿ.

ಬೆಲ್ಜಿಯಂನ ಲ್ಯೂವೆನ್‌ನ ವೈದ್ಯರು 2013ರಲ್ಲಿ 158 ಐಸಿಯು ರೋಗಿಗಳಲ್ಲಿ ಒಂದು ವಿಷಯ ಕಂಡುಕೊಂಡರು. ತೀವ್ರ ಕಾಯಿಲೆಯಲ್ಲಿ ಕಾರ್ಟಿಸಾಲ್ ಏರುವುದಕ್ಕೆ ಹೆಚ್ಚು ತಯಾರಾಗುವುದೊಂದೇ ಕಾರಣ ಅಲ್ಲ. ಅದನ್ನು ಒಡೆದು ಹೊರಹಾಕುವ ಕೆಲಸ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ತೊಟ್ಟಿಗೆ ನಲ್ಲಿ ಸ್ವಲ್ಪವೇ ಜೋರಾಗಿದೆ, ಕೆಳಗಿನ ತೂತು ಅರ್ಧ ಮುಚ್ಚಿಕೊಂಡಿದೆ. ನೀರು ಏರಲೇಬೇಕಲ್ಲ? ಪಿಟ್ಯುಟರಿ ಕಳಿಸುವ ಎಸಿಟಿಎಚ್ ಆ ರೋಗಿಗಳಲ್ಲಿ ಕಡಿಮೆಯೇ ಇತ್ತು. ದೇಹ ಕಷ್ಟಕಾಲಕ್ಕೆ ಅಂತ ಹಾರ್ಮೋನನ್ನು ಖರ್ಚಾಗದಂತೆ ಹಿಡಿದಿಟ್ಟುಕೊಂಡಿದೆ ಅಂತ ತಿಳಿದುಕೊಳ್ಳಿ.

ಅಂಕಿ ಇಳಿದರೆ ನೆಮ್ಮದಿ ಅಂತಲೂ ಅಲ್ಲ. ಎಟೋಮಿಡೇಟ್ ಅನ್ನುವ ಮಂಪರಿನ ಔಷಧಿ ಇದೆ. ಹಿಂದೆ ಅದನ್ನು ಐಸಿಯುನಲ್ಲಿ ದಿನಗಟ್ಟಲೆ ಹರಿಸುತ್ತಿದ್ದರು. ಅದು ರೋಗಿಯನ್ನು ಶಾಂತವಾಗಿ ಮಲಗಿಸುತ್ತಿತ್ತು, ಜೊತೆಗೆ ಅಡ್ರಿನಲ್ ಕಾರ್ಟಿಸಾಲ್ ಮಾಡದಂತೆ ಕಟ್ಟಿಹಾಕುತ್ತಿತ್ತು. 1983ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯರು, ಹೀಗೆ ಮಲಗಿಸಿದ ಅಪಘಾತದ ರೋಗಿಗಳಲ್ಲಿ ಸಾವು ಹೆಚ್ಚಿದೆ ಅಂತ ಪತ್ರ ಬರೆದರು. ಆಮೇಲೆ ಆ ಬಳಕೆ ನಿಂತಿತು. ಕಾರ್ಟಿಸಾಲ್ ಇಳಿದದ್ದೇ ಅವರಿಗೆ ಮುಳುವಾಗಿತ್ತು.

ಮಾತಾಡಿ. ಖಂಡಿತ ಮಾತಾಡಿ. ಯಾವ ಊರು, ಯಾವ ವಾರ, ಯಾರು ನೋಡಲು ಬಂದಿದ್ದರು ಅಂತ ಹೇಳಿ. ಎಚ್ಚರವಾದ ಮೇಲೆ, ದನಿ ಕೇಳುತ್ತಿತ್ತು ಅಂತ ಹೇಳಿದವರನ್ನು ನಾನು ಕಂಡಿದ್ದೇನೆ. 48 ಇಳಿಯಲಿ ಅಂತ ಮಾತ್ರ ಮಾತಾಡಬೇಡಿ, ಅವರು ನಿಮ್ಮವರು ಅಂತ ಮಾತಾಡಿ. ಜೊತೆಗೆ ನರ್ಸನ್ನು ಕೇಳಿ ಅವರ ತುಟಿಗೆ ಒದ್ದೆ ಹತ್ತಿ ಮುಟ್ಟಿಸಿ. ಒಣ ಬಾಯಿಯ ಸಂಕಟ ದೊಡ್ಡದು.

ಪ್ರಶ್ನೆ: ನಮ್ಮ ಅತ್ತೆಗೆ 64. ಮಂಡಿ ನೋವಿಗೆ ಸಂತೆಯಲ್ಲಿ ಒಬ್ಬರು ಕೊಡುವ ಪುಡಿಯನ್ನು ಎರಡು ವರ್ಷದಿಂದ ತಿನ್ನುತ್ತಿದ್ದಾರೆ. ನೋವು ಇಲ್ಲ. ಆದರೆ ಮುಖ ಊದಿ ಗುಂಡಗಾಗಿದೆ, ಸಣ್ಣ ಪೆಟ್ಟು ಬಿದ್ದರೂ ಚರ್ಮ ಕಪ್ಪಾಗುತ್ತದೆ. ಈಗ ಹರ್ನಿಯಾ ಆಪರೇಷನ್ ಹೇಳಿದ್ದಾರೆ. ಪುಡಿ ನಿಲ್ಲಿಸಿಬಿಡಲಾ?
(ಓದುಗರೊಬ್ಬರು, ಶಿರಸಿ)

ಉತ್ತರ: ನಿಲ್ಲಿಸಬೇಡಿ! ಈ ವಾರವೇ ಡಾಕ್ಟರ ಹತ್ತಿರ ಹೋಗಿ. ನೀವು ಬರೆದ ಲಕ್ಷಣ ಓದಿದರೆ ಆ ಪುಡಿಯಲ್ಲಿ ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲಿನ ಹಾಗೆ ಕೆಲಸ ಮಾಡುವ ಔಷಧಿ, ಬೆರೆಸಿರಬಹುದು ಅನ್ನಿಸುತ್ತದೆ. ಬೇರಿನ ಪುಡಿ ಅಂತ ಕೊಡುವುದರಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್ ಸಿಕ್ಕಿರುವುದು ಹೊಸದಲ್ಲ.

ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನುವ ವೈದ್ಯರು ಸಂಧಿವಾತದಿಂದ ಮಲಗಿದ್ದ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದಳು. ಎರಡು ವರ್ಷದಲ್ಲಿ ಅವರಿಗೂ, ಜೊತೆ ಕೆಲಸ ಮಾಡಿದ ಕೆಂಡಾಲ್ ಅವರಿಗೂ, ಸ್ವಿಟ್ಜರ್ಲೆಂಡಿನ ರೈಶ್‌ಸ್ಟೈನ್ ಅವರಿಗೂ ನೊಬೆಲ್ ಬಂತು. ನಿಮ್ಮ ಅತ್ತೆಯ ಮಂಡಿ ನೋವು ಮಾಯವಾಗಿದ್ದರೆ ಅದೂ ಇದೇ ಗುಣದಿಂದ ಇರಬೇಕು. ಅಪಾಯ ಇರುವುದು ಒಳಗೆ. ಹೊರಗಿನಿಂದ ದಿನವೂ ಸ್ಟೀರಾಯ್ಡ್ ಬರುತ್ತಿದ್ದರೆ ಪಿಟ್ಯುಟರಿ "ಮಾಡು" ಅನ್ನುವುದನ್ನು ನಿಲ್ಲಿಸುತ್ತದೆ. ಅಡ್ರಿನಲ್ ಸೊರಗಿ ಮಲಗುತ್ತದೆ. ಮತ್ತೆ ಎಚ್ಚರಾಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ಬೇಕು. ಅಷ್ಟರಲ್ಲಿ ಆಪರೇಷನ್ ಆದರೆ, ದೊಡ್ಡ ಜ್ವರ ಬಂದರೆ, ಬೇಕಾದ ಕಾರ್ಟಿಸಾಲ್ ಮಾಡಲು ಯಾರೂ ಇರುವುದಿಲ್ಲ.

ಇದನ್ನು ನಾನು ಓದಿ ಮಾತ್ರ ಹೇಳುತ್ತಿಲ್ಲ. ನನ್ನ ಅವ್ವ ಬಚ್ಚಲಲ್ಲಿ ಜಾರಿ ತೊಡೆ ಮೂಳೆ ಮುರಿದುಕೊಂಡರು. ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅವರು ಏನೇನು ಮಾತ್ರೆ ತಿನ್ನುತ್ತಾರೆ ಅಂತ ಅಲ್ಲಿ ಯಾರೂ ಸರಿಯಾಗಿ ಕೇಳಲಿಲ್ಲ. ಅಣ್ಣನಿಗೂ ಹೇಳಬೇಕು ಅಂತ ತೋಚಲಿಲ್ಲ. ಮಾರನೇ ದಿನ ಬಿಪಿ 80ಕ್ಕೆ ಇಳಿಯಿತು, ಸೋಡಿಯಂ ಇಳಿಯಿತು, ವಾಂತಿ. ಐಸಿಯುಗೆ ಹಾಕಿ ಸೋಂಕು ಅಂತ ಹುಡುಕಿದರು. ನಾನು ಬಸ್ ಹಿಡಿದು ತಲುಪಿದಾಗ ರಾತ್ರಿ. ಅವ್ವನ ಕೈಚೀಲ ತಡಕಿದೆ. ಎಲೆ ಅಡಿಕೆ, ಕನ್ನಡಕ, ಕರವಸ್ತ್ರದ ಗಂಟು. ಗಂಟಿನಲ್ಲಿ ಅರ್ಧ ಖಾಲಿಯಾದ ಪ್ರೆಡ್ನಿಸೋಲೋನ್ ಪಟ್ಟಿ. ನಾಲ್ಕು ವರ್ಷದಿಂದ ಕೀಲು ನೋವಿಗೆ ತಿನ್ನುತ್ತಿದ್ದರಂತೆ, ಮಗಳು ಬಯ್ಯುತ್ತಾಳೆ ಅಂತ ನನಗೆ ಹೇಳಿರಲಿಲ್ಲ. ಕಾರ್ಟಿಸಾಲಿಗೆ ರಕ್ತ ತೆಗೆದು, ರಿಪೋರ್ಟಿಗೆ ಕಾಯದೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಕೊಟ್ಟರು. ಬೆಳಗಾಗುವ ಹೊತ್ತಿಗೆ ಅವ್ವ, "ಯಾವಾಗ ಬಂದೆ, ಊಟ ಆಯ್ತಾ?" ಅಂದರು. ರಿಪೋರ್ಟು ಆಮೇಲೆ ಬಂತು: 3. ಜೊಲ್ಲಿನಲ್ಲಿ ನೋಡಿದ್ದರೂ ರಕ್ತದಲ್ಲಿ ನೋಡಿದ್ದರೂ ಆ ರಾತ್ರಿ ಯಾವ ಮಷಿನ್ನೂ ಆ ಕರವಸ್ತ್ರದ ಗಂಟಿಗಿಂತ ಬೇಗ ಹೇಳುತ್ತಿರಲಿಲ್ಲ.

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಪುಡಿಯ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೂ, ಅರಿವಳಿಕೆ ಕೊಡುವವರಿಗೂ ತೋರಿಸಿ. ಎರಡು ವರ್ಷ, ದಿನಕ್ಕೆ ಎಷ್ಟು ಸಲ, ಕೊನೆಯ ಸಲ ಯಾವಾಗ ಅಂತ ಬರೆದುಕೊಂಡು ಹೋಗಿ. ಅವರು ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ ಮಾಡಿಸಬಹುದು. ಪುಡಿಯಲ್ಲಿ ಪ್ರೆಡ್ನಿಸೋಲೋನ್ ಇದ್ದರೆ ಕೆಲವು ಮಷಿನ್‌ಗಳು ಅದನ್ನೂ ಕಾರ್ಟಿಸಾಲ್ ಅಂತ ಓದಿಬಿಡುತ್ತವೆ, ಆದ್ದರಿಂದ ಪುಡಿಯ ವಿಷಯ ಲ್ಯಾಬಿಗೂ ಗೊತ್ತಾಗಲಿ. ಆಪರೇಷನ್ ದಿನ ಹೈಡ್ರೋಕಾರ್ಟಿಸೋನ್ ರಕ್ಷಣೆ ಕೊಟ್ಟು, ಆಮೇಲೆ ಅಳತೆಯ ಮಾತ್ರೆಗೆ ಬದಲಿಸಿ, ನಿಧಾನವಾಗಿ ಇಳಿಸುತ್ತಾರೆ. ಆ ನಡುವೆ ವಾಂತಿ, ತಲೆಸುತ್ತು, ಎದ್ದು ನಿಲ್ಲಲಾಗದಷ್ಟು ಸುಸ್ತು ಕಂಡರೆ ನಾಳೆಗೆ ಇಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅತ್ತೆಯನ್ನು ಬಯ್ಯಬೇಡಿ. ಬಯ್ದರೆ ಮುಂದಿನ ಪೊಟ್ಟಣ ನಿಮ್ಮ ಕಣ್ಣಿಗೆ ಬೀಳದ ಜಾಗಕ್ಕೆ ಹೋಗುತ್ತದೆ.